ಗುರಿಗೆ ಎಷ್ಟು ಗುಂಡು, ಪಿಸ್ತೂಲಿಗೆ ಎಷ್ಟು

ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ ಮಾಡುವ ನಾನು ಲೈಸೆನ್ಸ್ ತೆಗೆದುಕೊಂಡು .32 ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿದ್ದು ದುಡ್ಡಿನ ಓಡಾಟಕ್ಕೋಸ್ಕರ. ಅಮೆರಿಕದವರ ವಿಡಿಯೊಗಳಲ್ಲಿ, ಪಿಸ್ತೂಲನ್ನು ನಂಬುವ ಮೊದಲು ಕನಿಷ್ಠ 200 ಗುಂಡು ಹಾರಿಸಿ ನೋಡಿ ಅಂತಾರೆ. ಅವರಿಗೇನು, ಡಬ್ಬಿಗಟ್ಟಲೆ ಸಿಗುತ್ತೆ. ನಮ್ಮಲ್ಲಿ ವರ್ಷಕ್ಕೆ ಎಷ್ಟು ಕೊಳ್ಳಬಹುದು, ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದೆಲ್ಲ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಗುಂಡು ಹಾರಿಸಿ ಅಭ್ಯಾಸ ಮಾಡುವ ಸರಿಯಾದ ರೇಂಜಿಗೆ ಬೆಂಗಳೂರಿಗೇ ಹೋಗಬೇಕೆಂದರೆ ಸುಮಾರು 200 ಕಿ.ಮೀ. ದಾರಿ.

ಹಾಗಾಗಿ ಎರಡು ಕೆಲಸವನ್ನೂ ಬೇರೆಬೇರೆ ಮಾಡಿದೆ. ಗುರಿಯ ಅಭ್ಯಾಸ ಮನೆಯಲ್ಲಿ, ಗುಂಡಿಲ್ಲದೆ. ನಿಜವಾದ ಗುಂಡು ಖರ್ಚಾಗುವುದು ಪಿಸ್ತೂಲಿನ ಪರೀಕ್ಷೆಗೆ.

ಮನೆಯ ಅಭ್ಯಾಸಕ್ಕೆ ಮೊದಲು ಗುಂಡುಗಳನ್ನೆಲ್ಲ ಬೇರೆ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿಯೇ ಎಂದು ಕಣ್ಣಲ್ಲೂ ನೋಡಿ, ಬೆರಳು ಹಾಕಿಯೂ ನೋಡಿ, ಮದ್ದಿಲ್ಲದ ಡಮ್ಮಿ ತೋಟಾ ಹಾಕುತ್ತೇನೆ. ಆ ಕಡೆ ಯಾರೂ ಓಡಾಡದ ದಪ್ಪ ಗೋಡೆಯ ಕಡೆಗೇ ಮುಖ. ಪಿಸ್ತೂಲಿನ ಹಿಂದೆ ಮುಂದೆ ಜಾರುವ ಮೇಲ್ಭಾಗವಾದ ಸ್ಲೈಡಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯಬೇಕು. ಗುರಿ ತಪ್ಪುವುದು ಹೆಚ್ಚಾಗಿ ಕಣ್ಣಿನಿಂದಲ್ಲ, ಟ್ರಿಗರನ್ನು ಜಗ್ಗುವ ಬೆರಳಿನಿಂದ. ಅದನ್ನು ತಿದ್ದಲು ಗುಂಡು ಸುಡಬೇಕಿಲ್ಲ.

ರೇಂಜಿಗೆ ಹೋಗುವ ಹಿಂದಿನ ರಾತ್ರಿ ನಾನು ಪಿಸ್ತೂಲನ್ನು ಒರೆಸುವುದೇ ಇಲ್ಲ. ಸೊಂಟದ ಬೆವರು, ಬಟ್ಟೆಯ ನೂಲು, ಚಿತ್ರದುರ್ಗದ ಗಾಳಿಯ ಧೂಳು ಎಲ್ಲ ಹಾಗೇ ಇರಬೇಕು, ದಿನವೂ ಸೊಂಟದಲ್ಲಿರುವ ಸ್ಥಿತಿಯಲ್ಲೇ ಅದು ಓಡುತ್ತದೆಯೇ ಎಂದು ನೋಡಬೇಕಲ್ಲ. ದಿನವೂ ಒಯ್ಯುವ ಮ್ಯಾಗಜೀನು (ಗುಂಡು ತುಂಬುವ ಡಬ್ಬಿ), ಅದರಲ್ಲೇ ತಿಂಗಳುಗಟ್ಟಲೆ ಕೂತ ಗುಂಡು, ಮೊದಲು ಹಾರುವುದು ಅವೇ. ಹೊಸ ಗುಂಡು ಸೊಂಟಕ್ಕೆ, ಹಳೆಯದು ರೇಂಜಿಗೆ.

ಮ್ಯಾಗಜೀನುಗಳ ತಳಕ್ಕೆ ನೇಲ್ ಪಾಲಿಶ್‌ನಲ್ಲಿ ಒಂದು, ಎರಡು ಎಂದು ಬರೆದಿದ್ದೇನೆ. ಜಾಮ್ ಆದರೆ ಯಾವುದರಲ್ಲಿ ಎಂದು ತಕ್ಷಣ ಗೊತ್ತಾಗಬೇಕು. ಒಂದೇ ಮ್ಯಾಗಜೀನು ಮತ್ತೆ ಮತ್ತೆ ಕೈಕೊಟ್ಟರೆ ಅದನ್ನು ಅಭ್ಯಾಸಕ್ಕೆ ಎತ್ತಿಡುತ್ತೇನೆ. ನನ್ನ ಪಿಸ್ತೂಲಿನ .32 ಎಸಿಪಿ ತೋಟಾದ್ದೊಂದು ಹುಟ್ಟುಗುಣವಿದೆ. 1899ರ ಹೊತ್ತಿಗೆ ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಈ ತೋಟಾದ ಬುಡದ ಅಂಚು ಮೈಗಿಂತ ಚೂರು ಹೊರಗೆ ಚಾಚಿರುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿ ಸಿಕ್ಕಿಕೊಂಡಿತೋ, ಸ್ಲೈಡ್ ಎಷ್ಟು ಎಳೆದರೂ ಗುಂಡು ಮುಂದೆ ಹೋಗುವುದಿಲ್ಲ. ಮ್ಯಾಗಜೀನನ್ನೇ ತೆಗೆದು ಬಿಡಿಸಬೇಕು. ಅದಕ್ಕೇ ತುಂಬುವಾಗ ಪ್ರತಿ ತೋಟಾವೂ ಕೆಳಗಿನದಕ್ಕಿಂತ ಮುಂದೆ ಕೂತಿದೆಯೇ ಎಂದು ಪಕ್ಕದ ಕಿಂಡಿಯಲ್ಲಿ ನೋಡುತ್ತೇನೆ.

ಚೇಂಬರಿಗೆ ಪದೇ ಪದೇ ಹೋಗಿ ಬಂದ ಗುಂಡನ್ನು ಹೊಸದರ ಪಕ್ಕ ನಿಲ್ಲಿಸಿ ನೋಡಿ. ತುದಿ ಒಳಕ್ಕೆ ಕುಸಿದು ಗಿಡ್ಡವಾಗಿದ್ದರೆ ಅದನ್ನು ಹಾರಿಸಬಾರದು, ಒಳಗಿನ ಒತ್ತಡ ಹೆಚ್ಚಾಗುತ್ತದೆ. ಇನ್ನು ಹಾರಿದ ಗುಂಡಿನ ಖಾಲಿ ಕೇಸುಗಳು ಮೊದಲಿಗಿಂತ ದೂರ ಚಿಮ್ಮುತ್ತಿದ್ದರೆ ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಸೋತಿರಬಹುದು ಎಂದು ಅನುಮಾನಿಸುವುದು ಒಳ್ಳೆಯದು.

ಸ್ವಚ್ಛ ಮಾಡುವುದೂ ರೇಂಜಿನಲ್ಲೇ. ಬಿಚ್ಚಿ, ಒರೆಸಿ, ಜೋಡಿಸಿ, ಉಳಿಸಿಕೊಂಡ ಕೊನೆಯ ಒಂದೆರಡು ಗುಂಡು ಹಾರಿಸಿ ನೋಡಿಯೇ ಊರಿಗೆ ಹೊರಡುವುದು. ಬಿಚ್ಚಿ ಜೋಡಿಸಿ ಹಾರಿಸದೆ ಇಟ್ಟ ಪಿಸ್ತೂಲು ಎಷ್ಟು ಹೊಳೆದರೂ ನನಗೆ ಅರ್ಧ ನಂಬಿಕೆಯೇ. ಎಣ್ಣೆ ತೆಳುವಾಗಿರಲಿ, ಹೆಚ್ಚಾದರೆ ಧೂಳು ಹಿಡಿಯುತ್ತದೆ, ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿಗೆ ಇಳಿದರೆ ಅದೂ ಹಾಳು. ಆಯುಧಪೂಜೆಗೆ ಅರಿಶಿನ ಕುಂಕುಮ ನಮ್ಮಲ್ಲಿ ಪೆಟ್ಟಿಗೆಗೆ ಮಾತ್ರ. ಅಮ್ಮನಿಗೆ ಸಮಾಧಾನವಿಲ್ಲ, ಆದರೆ ಸ್ಲೈಡಿನ ಸಂದಿಯಲ್ಲಿ ಒದ್ದೆ ಅರಿಶಿನ ಕೂತರೆ ತುಕ್ಕು ಹಿಡಿಯಲು ತಡವಾಗುವುದಿಲ್ಲ.

ಚುನಾವಣೆ ಬಂದಾಗ ಆಯುಧವನ್ನು ಠಾಣೆಗೆ ಒಪ್ಪಿಸುವುದು ಇದ್ದೇ ಇದೆ. 2023ರ ವಿಧಾನಸಭೆ ಮುಗಿದು ವರ್ಷಕ್ಕೇ 2024ರ ಲೋಕಸಭೆ ಬಂತು. ಕೊಡುವಾಗ ಮ್ಯಾಗಜೀನು ಖಾಲಿ, ಮೈಗೆ ತೆಳು ಎಣ್ಣೆ, ಕೈಯಲ್ಲಿ ರಸೀದಿ. ವಾಪಸ್ ಬಂದದ್ದನ್ನು ಹೊಸ ಪಿಸ್ತೂಲೆಂದೇ ಲೆಕ್ಕ ಹಾಕುತ್ತೇನೆ: ರೇಂಜಿನಲ್ಲಿ ಒಂದು ಮ್ಯಾಗಜೀನು ತಡೆಯಿಲ್ಲದೆ ಓಡುವವರೆಗೂ ಅದು ಸೊಂಟಕ್ಕೆ ಬರುವುದಿಲ್ಲ.