ಟೊಮೇಟೊ ಬುಡಕ್ಕೆ ಹುಲ್ಲು ಹಾಸಿ, ಕಾಂಡಕ್ಕೆ ಮಾತ್ರ ತಾಗಿಸ್ಬೇಡಿ

ಟೊಮೇಟೊ ಸಸಿ ನೆಟ್ಟು 2-3 ವಾರ ಆಗಿ ಬೇರು ಹಿಡಿದ್ಮೇಲೆ ಕಳೆ ಕಿತ್ತು, ಚೆನ್ನಾಗಿ ನೀರು ಕೊಟ್ಟು, ಆ ಒದ್ದೆ ಮಣ್ಣಿನ ಮೇಲೇನೇ ಭತ್ತದ ಹುಲ್ಲೋ ಕಬ್ಬಿನ ತರಗೋ ಒಣಗಿದ ಎಲೆನೋ 3 ಇಂಚು ದಪ್ಪ ಹಾಸ್ಬಿಡಿ, ಕಾಂಡದ ಸುತ್ತ ಮಾತ್ರ ನಾಲ್ಕು ಬೆರಳು ಜಾಗ ಖಾಲಿ ಇರ್ಲಿ, ಡ್ರಿಪ್ ಪೈಪ್ ಇದ್ರೆ ಹುಲ್ಲಿನ ಅಡಿಗೆ ಬರ್ಬೇಕು. ಮಣ್ಣಿಗೆ ನೇರ ಬಿಸಿಲು ಬೀಳಲ್ಲ, ತೇವ ಒಂದೇ ಸಮ ಇರುತ್ತೆ, ಅದ್ರಿಂದ ಕಾಯಿ ತಳ ಕಪ್ಪಾಗಿ ಕೊಳೆಯೋದು, ಹಣ್ಣು ಬಿರಿಯೋದು ಎರಡೂ ಕಮ್ಮಿ (ತಳ ಕೊಳೆಯೋದು ಕಾಯಿಗೆ ಕ್ಯಾಲ್ಸಿಯಂ ಸಾಲದೆ, ಅದು ಸಾಲದೇ ಇರೋದು ಹೆಚ್ಚಾಗಿ ನೀರಿನ ಏರುಪೇರಿಂದ; ಕ್ಯಾಲ್ಸಿಯಂ ಸ್ಪ್ರೇ ತರೋಕೆ ಅಂಗಡಿಗೆ ಓಡೋ ಮುಂಚೆ ನೀರು ಸರಿ ಮಾಡಿ ಸ್ವಾಮಿ), ಮಳೆ ಹನಿ ಬಿದ್ದು ಮಣ್ಣು ಸಿಡಿದು ಕೆಳಗಿನ ಎಲೆಗೆ ಅಂಗಮಾರಿ ರೋಗ (ಎಲೆ ಮೇಲೆ ಕಂದು ಚುಕ್ಕೆ ಬಿದ್ದು ಒಣಗೋದು) ಹತ್ತೋದೂ ಕಮ್ಮಿ ಆಗುತ್ತೆ. ಎರಡು ತಿಂಗಳಾದ್ಮೇಲೆ ಹುಲ್ಲು ಎತ್ತಿ ನೋಡಿ, ಅಡಿ ಪದರ ಕರಗಿ ಕಪ್ಪಾಗಿರುತ್ತೆ, ಎರೆಹುಳು ಹಾಕಿದ ಸಣ್ಣ ಸಣ್ಣ ಮಣ್ಣಿನ ಉಂಡೆ ಕಾಣುತ್ತೆ, ಬೆರಳು ಸಲೀಸಾಗಿ ಒಳಗೆ ಹೋಗುತ್ತೆ. ಆದ್ರೆ ಎಲ್ಲಾ ಕಡೆ ನಡೆಯಲ್ಲ: ನೀರು ನಿಲ್ಲೋ ಜಾಗದಲ್ಲಿ, ಬಿಡದೆ ಮಳೆ ಹೊಡೆಯೋ ಟೈಮಲ್ಲಿ ಬೇರು ಕೊಳೆಯುತ್ತೆ, ಬಸವನಹುಳು ಬಂದು ಸೇರ್ಕೊಳ್ತವೆ, ಗೆದ್ಲು ಕಾಟ ಇರೋ ಹೊಲದಲ್ಲೂ ಹುಷಾರು. ಹಸಿ ಮರದ ಹೊಟ್ಟು ಮಣ್ಣಿಗೆ ಬೆರೆಸಿದ್ರೆ ಸಾರಜನಕ ಎಳ್ಕೊಂಡು ಗಿಡ ಹಳದಿ ಆಗುತ್ತೆ, ಕಳೆನಾಶಕ ಹೊಡೆದ ಹುಲ್ಲಂತೂ ಬೇಡ್ವೇ ಬೇಡ, ಟೊಮೇಟೊ ಎಲೆ ಮುದುರಿಕೊಳ್ಳುತ್ತೆ.