ತರಗೆಲೆ ಸುಡಬೇಡಿ, ಬೀದಿಗೊಂದು ಗೊಬ್ಬರದ ಗೂಡು ಕಟ್ಟಿ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರ ಬಂತು ಅಂದರೆ ಮೈಸೂರಿನ ಬೀದಿಗಳ ತುಂಬ ತರಗೆಲೆ. ಹೊಂಗೆ, ಮಳೆಮರ, ಬಾದಾಮಿ, ಗುಲ್‌ಮೊಹರ್ ಒಂದರ ಹಿಂದೆ ಒಂದು ಎಲೆ ಉದುರಿಸುತ್ತವೆ. ಬೆಳಗ್ಗೆ ಬಾಗಿಲು ತೆಗೆದರೆ ಮೂಗಿಗೆ ಮೊದಲು ಬಡಿಯುವುದು ಹೊಗೆ. ಯಾರೋ ಗುಡಿಸಿ ಗುಡ್ಡೆ ಹಾಕಿ ಕಡ್ಡಿ ಗೀರಿರುತ್ತಾರೆ. ಕುವೆಂಪುನಗರದ ನಮ್ಮ ಬೀದಿಯಲ್ಲೂ ವರ್ಷಗಟ್ಟಲೆ ಹೀಗೇ ಇತ್ತು. ಎದುರುಮನೆ ಅಜ್ಜಿಗೆ ಉಬ್ಬಸ, ಆ ಎರಡು ತಿಂಗಳು ಅವರು ಕಿಟಕಿಯನ್ನೇ ತೆಗೆಯುತ್ತಿರಲಿಲ್ಲ.

ಈಗ ನಾಲ್ಕು ವರ್ಷದಿಂದ ನಮ್ಮಲ್ಲಿ ಎಲೆ ಸುಡುವುದಿಲ್ಲ. ಪಾರ್ಕಿನ ಮೂಲೆಯಲ್ಲಿ ಎರಡು ಜಾಲರಿ ಗೂಡು ಇವೆ, ಎಲೆಯೆಲ್ಲ ಅಲ್ಲಿಗೇ ಹೋಗುತ್ತದೆ, ಆಷಾಢದ ಹೊತ್ತಿಗೆ ಗೊಬ್ಬರವಾಗಿ ಆಚೆ ಬರುತ್ತದೆ. ನಿಮ್ಮ ಬೀದಿಯಲ್ಲೂ ಮಾಡಬೇಕು ಅಂತಿದ್ದರೆ ಹೇಗೆ ಅಂತ ಹೇಳುತ್ತೇನೆ. ಗೊಬ್ಬರ ಮಾಡುವುದು ಇದರಲ್ಲಿ ಸುಲಭದ ಭಾಗ, ಅದನ್ನು ಎಲೆ ತಾನೇ ಮಾಡಿಕೊಳ್ಳುತ್ತದೆ. ಬೀದಿ ಗುಡಿಸುವವರು, ಪಾಲಿಕೆಯವರು, ಅಕ್ಕಪಕ್ಕದವರು ಎಲ್ಲರೂ ಒಪ್ಪಬೇಕಲ್ಲ, ಕಷ್ಟ ಇರುವುದು ಅಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಮಾತಾಡಬೇಕಾದ್ದು ನಿಮ್ಮ ಬೀದಿಯ ಪೌರಕಾರ್ಮಿಕರ ಜೊತೆ. ಅರ್ಜಿ, ಫೋಟೊ, ವಾಟ್ಸಾಪ್ ಗ್ರೂಪು ಎಲ್ಲ ಆಮೇಲೆ. ಅವರು ಯಾಕೆ ಸುಡುತ್ತಾರೆ ಅಂತ ಒಂದು ಸಲ ಯೋಚನೆ ಮಾಡಿ. ಒಂದು ತಳ್ಳುಗಾಡಿ, ಒಂದು ಪೊರಕೆ, ನಾಲ್ಕಾರು ಬೀದಿ. ಫೆಬ್ರವರಿಯಲ್ಲಿ ಒಂದು ಮಳೆಮರದ ಕೆಳಗಿನ ಎಲೆಗೇ ಆ ಗಾಡಿ ತುಂಬಿಹೋಗುತ್ತದೆ. ಉಳಿದದ್ದನ್ನು ಎಲ್ಲಿ ಹಾಕಬೇಕು? ಬೀದಿ ಚೊಕ್ಕ ಇರದಿದ್ದರೆ ಬೈಸಿಕೊಳ್ಳುವವರೂ ಅವರೇ. ನಾವು ಹೋಗಿ ಜೋರು ಮಾಡಿದರೆ ಏನಾಗುತ್ತದೆ ಅಂದರೆ, ಏಳು ಗಂಟೆಗೆ ಸುಡುತ್ತಿದ್ದದ್ದನ್ನು ಐದೂವರೆಗೆ ಸುಡುತ್ತಾರೆ, ಅಷ್ಟೇ. ನಾನೂ ಮೊದಲು ಜೋರು ಮಾಡಿದವಳೇ. ಆಮೇಲೆ ಒಂದಿನ ಕಾಫಿ ಕೊಟ್ಟು ಕೂರಿಸಿಕೊಂಡು ಕೇಳಿದೆ. "ಹಾಕೋಕೆ ಒಂದು ಜಾಗ ತೋರ್ಸಿ ಅಕ್ಕಾ, ನಾನ್ಯಾಕೆ ಸುಡ್ಲಿ, ನನ್ ಕಣ್ಣೂ ಉರಿಯಲ್ವಾ" ಅಂದರು. ಗೂಡು ಎಲ್ಲಿಡಬೇಕು ಅಂತ ತೋರಿಸಿದ್ದೂ ಅವರೇ. ನಾವು ಪಾರ್ಕಿನ ಹಿಂಭಾಗ ಅಂದುಕೊಂಡಿದ್ದೆವು, ಯಾರ ಕಣ್ಣಿಗೂ ಬೀಳದಿರಲಿ ಅಂತ. ಅವರು ಗುಡಿಸಿಕೊಂಡು ಬರುವ ದಾರಿ ಮುಗಿಯುವುದು ಮುಂದಿನ ಗೇಟಿನ ಹತ್ತಿರ. ಅಲ್ಲಿದ್ದರೆ ಮಾತ್ರ ದಿನಾ ಹಾಕುತ್ತಾರೆ, ನೂರು ಹೆಜ್ಜೆ ಆಚೆ ಇದ್ದರೆ ವಾರಕ್ಕೊಂದು ಸಲ. ಜಾಗವನ್ನು ಅವರ ಕೈಲೇ ಆರಿಸಿ ಅನ್ನುವುದು ಅದಕ್ಕೆ.

ಇನ್ನು ಪಾಲಿಕೆ. ಪಾರ್ಕು ಪಾಲಿಕೆಯದೋ ಅಥವಾ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಇದೆಯೋ ಅಂತ ವಲಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ, ಬಡಾವಣೆಯಿಂದ ಬಡಾವಣೆಗೆ ಬೇರೆ ಇರುತ್ತದೆ. ಪಾಲಿಕೆಯದಾದರೆ ಇಬ್ಬರು ಮುಖ್ಯ. ಒಬ್ಬರು ವಾರ್ಡಿನ ಹೆಲ್ತ್ ಇನ್‌ಸ್ಪೆಕ್ಟರ್, ಇನ್ನೊಬ್ಬರು ತೋಟಗಾರಿಕೆ ವಿಭಾಗದವರು. ಅರ್ಜಿ ಒಂದೇ ಪುಟ ಸಾಕು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಂಡೇ ಬನ್ನಿ. ನಾವು ಬರೆದದ್ದು ಹೀಗೆ:

"ನಮ್ಮ ಬೀದಿಯ ಪಾರ್ಕಿನ ಗೇಟಿನ ಎಡಕ್ಕೆ 3 ಅಡಿ ಅಗಲ, 4 ಅಡಿ ಎತ್ತರದ ಎರಡು ಜಾಲರಿ ಗೂಡು ಇಟ್ಟು, ಬೀದಿಯ ಒಣ ಎಲೆಯನ್ನು ಅಲ್ಲೇ ಗೊಬ್ಬರ ಮಾಡಲು ಅನುಮತಿ ಕೊಡಬೇಕಾಗಿ ಕೋರುತ್ತೇವೆ. ಖರ್ಚು, ನೀರು, ಉಸ್ತುವಾರಿ ನಮ್ಮದು. ಸಿಮೆಂಟ್ ಕೆಲಸ ಇಲ್ಲ. ಬೇಡವೆಂದರೆ ಒಂದು ಗಂಟೆಯಲ್ಲಿ ಎತ್ತಿಬಿಡುತ್ತೇವೆ. ಬಂದ ಗೊಬ್ಬರದಲ್ಲಿ ಅರ್ಧ ಪಾರ್ಕಿನ ಗಿಡಗಳಿಗೆ."

ಕೆಳಗೆ ಹತ್ತು ಮನೆಯವರ ಸಹಿ. ಅದರಲ್ಲಿ ಪಾರ್ಕಿಗೆ ಅಂಟಿಕೊಂಡಿರುವ ಮನೆಯವರ ಸಹಿ ಇರಲೇಬೇಕು, ನಾಳೆ ವಾಸನೆ ಅಂತ ದೂರು ಹೇಳುವವರು ಅವರೇ ಅಲ್ವಾ. "ಸಿಮೆಂಟ್ ಕೆಲಸ ಇಲ್ಲ" ಅನ್ನುವ ಸಾಲನ್ನು ಬಿಡಬೇಡಿ. ಕಾಯಂ ಕಟ್ಟೋಣ ಅಂದಕೂಡಲೇ ಫೈಲು ಇಂಜಿನಿಯರ್ ಟೇಬಲ್ಲಿಗೆ ಹೋಗುತ್ತದೆ.

ಬಯಲಲ್ಲಿ ಕಸ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಇದನ್ನು ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ. ಪೊರಕೆ ಹಿಡಿದವರ ಮುಂದೆ ಮಾತ್ರ ಹೇಳಬೇಡಿ, ದಯವಿಟ್ಟು. ಅರ್ಜಿ ಕೊಟ್ಟು ತಿಂಗಳು ಕಳೆದರೂ ಉತ್ತರ ಇಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಪ್ರಶ್ನೆ 150 ಪದದೊಳಗೆ ಇರಲಿ, 30 ದಿನದಲ್ಲಿ ಉತ್ತರ ಕೊಡಬೇಕು.

ನಮ್ಮ ಊರು 2016ರಲ್ಲಿ 73 ನಗರಗಳ ಸ್ವಚ್ಛತಾ ಸಮೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಊರು. ಆ ಹೆಸರು ಬಂದದ್ದು ಮುಂಜಾನೆ ಎದ್ದು ಗುಡಿಸುವವರಿಂದ, ಹಸಿ ಕಸ ಒಣ ಕಸ ಬೇರೆ ಮಾಡಿಟ್ಟ ಮನೆಗಳಿಂದ, ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಂಥ ಜಾಗಗಳಲ್ಲಿ ಕೂತು ಒಂದೊಂದೇ ಕವರು, ಬಾಟಲಿ ಆರಿಸುವವರಿಂದ. ಆದರೆ ತರಗೆಲೆ ಬೇರೆ ಲೆಕ್ಕ. ಅದರಲ್ಲಿ ತೂಕ ಇಲ್ಲ, ಗಾತ್ರ ಮಾತ್ರ. ಅದನ್ನು ಗಾಡಿಗೆ ತುಂಬಿ, ಊರಿನ ಕಸ ಹೋಗಿ ಸೇರುವ ವಿದ್ಯಾರಣ್ಯಪುರದ ಸೂಯೇಜ್ ಫಾರ್ಮ್‌ವರೆಗೆ ಕಳಿಸುವುದು ಡೀಸೆಲ್ ಸುಟ್ಟು ಗಾಳಿ ಸಾಗಿಸಿದ ಹಾಗೆ. ಎಲೆ ಬಿದ್ದ ಬೀದಿಯಲ್ಲೇ ಕರಗಬೇಕು.

ಈಗ ಗೂಡು. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡ್ ಮೆಶ್ ಅಂತ ಕೇಳಿ. 4 ಅಡಿ ಎತ್ತರದ್ದು, 10 ಅಡಿ ಉದ್ದ ಕತ್ತರಿಸಿಕೊಡಲು ಹೇಳಿ. ದುಂಡಗೆ ಸುತ್ತಿ, ಅಂಚನ್ನು ಸ್ವಲ್ಪ ಒಂದರ ಮೇಲೊಂದು ತಂದು ಬೈಂಡಿಂಗ್ ವೈರಿನಲ್ಲಿ ಕಟ್ಟಿದರೆ ಸುಮಾರು 3 ಅಡಿ ಅಗಲದ ಗೂಡಾಗುತ್ತದೆ, 800 ಲೀಟರಿನಷ್ಟು ಎಲೆ ಹಿಡಿಯುತ್ತದೆ. ಕೋಳಿ ಜಾಲರಿ ಅಗ್ಗ, ಆದರೆ ಎಲೆ ತುಂಬಿದ ಮೇಲೆ ಹೊಟ್ಟೆ ಬಿಟ್ಟುಕೊಂಡು ಒರಗುತ್ತದೆ. ಒಂದೇ ಗೂಡು ಸಾಲದು, ಎರಡು ಬೇಕು. ಒಂದು ತುಂಬುತ್ತಿರುವಾಗ ಇನ್ನೊಂದು ಕರಗುತ್ತಿರುತ್ತದೆ. ಮಣ್ಣಿನ ನೆಲದ ಮೇಲೇ ಇಡಿ. ಕಾಂಕ್ರೀಟ್ ಮೇಲಿಟ್ಟರೆ ಎರೆಹುಳು ಹತ್ತಿ ಬರುವುದಿಲ್ಲ. ಮರದ ಬುಡಕ್ಕೆ ತಾಗಿಸಬೇಡಿ, ಟ್ರಾನ್ಸ್‌ಫಾರ್ಮರ್ ಹತ್ತಿರ ಅಂತೂ ಬೇಡವೇ ಬೇಡ.

ಗೂಡಿನ ತಳಕ್ಕೆ ಅರ್ಧ ಅಡಿ ಒಣ ಕಡ್ಡಿ, ತೆಂಗಿನ ಗರಿ ತುಂಡು ಮಾಡಿ ಹಾಸಿ, ಗಾಳಿ ಆಡಲು. ಅದರ ಮೇಲೆ ಒಂದಡಿ ಎಲೆ. ಅದರ ಮೇಲೆ ಒಂದು ಬಕೆಟ್ ಸಗಣಿ ಬಗ್ಗಡ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಕೆಲಸ ಚುರುಕು. ಬರೀ ಎಲೆ ಗುಡ್ಡೆ ಹಾಕಿ ಬಿಟ್ಟರೆ ವರ್ಷವಾದರೂ ಹಾಗೇ ಬಿದ್ದಿರುವುದು ಅದಕ್ಕೇ. ಸಗಣಿ ಸಿಗಲ್ಲ ಅನ್ನುವವರು ಹುಳಿ ಮಜ್ಜಿಗೆಗೆ ಒಂದು ಉಂಡೆ ಬೆಲ್ಲ ಕದಡಿ ಚಿಮುಕಿಸಿ, ಜೊತೆಗೆ ಪಾರ್ಕಿನಲ್ಲಿ ಕತ್ತರಿಸಿದ ಹಸಿ ಹುಲ್ಲು ಸೇರಿಸಿ. ನಮ್ಮ ಬೀದಿಯವರು ಫಿಲ್ಟರಿನ ಕಾಫಿ ಚರಟವನ್ನೂ ತಂದು ಹಾಕುತ್ತಾರೆ. ಹತ್ತು ಮನೆಯ ಚರಟ ಅಂದರೆ ಕಡಿಮೆ ಏನಲ್ಲ. ಹೀಗೇ ಎಲೆ, ಬಗ್ಗಡ, ನೀರು, ಮತ್ತೆ ಎಲೆ. ಪ್ರತಿ ಪದರವನ್ನೂ ಕಾಲಿನಿಂದ ಮೆಲ್ಲಗೆ ತುಳಿಯಿರಿ. ಈ ಕೆಲಸಕ್ಕೆ ಮಕ್ಕಳನ್ನು ಕರೆಯಿರಿ, ಬೇಡ ಅಂದರೂ ಕೇಳುವುದಿಲ್ಲ ಅವರು.

ಎಲ್ಲ ಎಲೆಯೂ ಒಂದೇ ಅಲ್ಲ. ಹೊಂಗೆ, ಮಳೆಮರ, ಗುಲ್‌ಮೊಹರ್ ಎಲೆ ತೆಳು, ಬೇಗ ಕರಗುತ್ತದೆ. ಮಾವು, ಹಲಸು, ಬಾದಾಮಿ ದಪ್ಪ, ಮೇಲೆ ಮೇಣದ ಹಾಗಿರುತ್ತದೆ, ತುಳಿದು ಪುಡಿ ಮಾಡಿಯೇ ಹಾಕಿ. ಬಾದಾಮಿ ಎಲೆಯನ್ನು ಹಾಗೇ ಹಾಕಿದರೆ ಒಂದಕ್ಕೊಂದು ಅಂಟಿ ಚಾಪೆಯಾಗಿ ನೀರನ್ನೇ ಕೆಳಗೆ ಬಿಡುವುದಿಲ್ಲ. ನೀಲಗಿರಿ ಸ್ವಲ್ಪ ಇದ್ದರೆ ಪರವಾಗಿಲ್ಲ, ಅದೇ ಜಾಸ್ತಿ ಆಗಬಾರದು. ಅಡುಗೆಮನೆಯ ಅನ್ನ, ಸಾರು, ಮೂಳೆ ಯಾವುದೂ ಇಲ್ಲಿಗೆ ಬರಬಾರದು. ಬಂದರೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ, ಅಲ್ಲಿಗೆ ನಿಮ್ಮ ಗೂಡಿನ ಕಥೆ ಮುಗಿಯಿತು. ಅದನ್ನು ಹಸಿ ಕಸದ ಬಕೆಟ್ಟಿಗೇ ಹಾಕಿ, ಗಾಡಿಗೆ ಕೊಡಿ.

ಎಲೆಯಲ್ಲಿ ಪ್ಲಾಸ್ಟಿಕ್ ಸೇರಿಕೊಳ್ಳುವುದು ದೊಡ್ಡ ತಲೆನೋವು. ಗುಟ್ಕಾ ಪೊಟ್ಟಣ, ಚಾಕೊಲೇಟ್ ಕಾಗದ, ಎಲ್ಲಕ್ಕಿಂತ ಹೆಚ್ಚಾಗಿ ಹಾಲಿನ ಕವರಿನ ಮೂಲೆ ತುಂಡು. ಅದು ಎಷ್ಟು ಚಿಕ್ಕದು ಅಂದರೆ ಆರಿಸಿದರೂ ಕಣ್ಣು ತಪ್ಪುತ್ತದೆ. ಹಾಲಿನ ಕವರು ಕತ್ತರಿಸುವಾಗ ಮೂಲೆ ಪೂರ್ತಿ ತುಂಡಾಗದ ಹಾಗೆ, ಅಂಟಿಕೊಂಡೇ ಇರುವ ಹಾಗೆ ಕತ್ತರಿಸಿ ಅಂತ ಬೀದಿಯಲ್ಲಿ ಮನೆ ಮನೆಗೂ ಹೇಳಿದೆವು. ಈ ಒಂದು ಮಾತಿನಿಂದ ಬಂದಷ್ಟು ಬದಲಾವಣೆ ನಾವು ಹಚ್ಚಿದ ಯಾವ ಬೋರ್ಡಿನಿಂದಲೂ ಬರಲಿಲ್ಲ.

ತುಂಬಿದ ಮೂರು ನಾಲ್ಕು ದಿನಕ್ಕೆ ಗೂಡು ಬಿಸಿಯಾಗಬೇಕು. ನಡುವೆ ಒಂದು ಕಬ್ಬಿಣದ ಸರಳು ಚುಚ್ಚಿಟ್ಟು, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡಿ. ಬಿಸಿ ಇದ್ದರೆ ಒಳಗೆ ಕೆಲಸ ನಡೆಯುತ್ತಿದೆ. ತಣ್ಣಗಿದ್ದರೆ ಒಂದೋ ನೀರು ಸಾಲದು, ಇಲ್ಲ ಸಗಣಿ ಸಾಲದು. ಒಳಗಿನ ಎಲೆ ಒಂದು ಹಿಡಿ ತೆಗೆದು ಹಿಂಡಿ. ಒಂದೆರಡು ಹನಿ ಬಂದರೆ ಸರಿ. ನೀರು ಸೋರಿದರೆ ಜಾಸ್ತಿ ಆಗಿದೆ, ಒಣ ಎಲೆ ಬೆರೆಸಿ. ಕೈಗೆ ಒಣಗಿದ್ದೇ ಬಂದರೆ ನೀರು ಹಾಕಿ. ಮಾರ್ಚ್ ಏಪ್ರಿಲ್ ಬಿಸಿಲಿಗೆ ಹೊರಗಿನ ಪದರ ಬೇಗ ಒಣಗುತ್ತದೆ, ಹಳೆ ಗೋಣಿಚೀಲ ಸುತ್ತಿ ನೆನೆಸಿಡಿ. ಇದಕ್ಕೆ ಕಾವೇರಿ ನೀರು ಬಳಸಬೇಡಿ ದಯವಿಟ್ಟು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಸಾಕು. ನಮ್ಮಲ್ಲಿ ಮನೆಗೊಂದು ದಿನ ಅಂತ ಸರದಿ ಇದೆ.

ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಬೇಕು. ಜಾಲರಿಯನ್ನು ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಿ, ಹೊರಗಿನ ಎಲೆ ಒಳಕ್ಕೆ, ಒಳಗಿನದು ಹೊರಕ್ಕೆ ಬರುವ ಹಾಗೆ ಮತ್ತೆ ತುಂಬಿ. ಬರಿಗೈ ಹಾಕಬೇಡಿ, ಚೇಳು ಇರುತ್ತದೆ. ಮುಳ್ಳುಗುದ್ದಲಿಯಲ್ಲೇ ಎಳೆಯಿರಿ. ನಾಲ್ಕು ಜನ ಇದ್ದರೆ ಮುಕ್ಕಾಲು ಗಂಟೆ ಕೆಲಸ. ನಮ್ಮದು ಭಾನುವಾರ ಬೆಳಗ್ಗೆ, ಮುಗಿದ ಮೇಲೆ ಯಾರದಾದರೂ ಮನೆಯಲ್ಲಿ ಉಪ್ಪಿಟ್ಟು. ಹತ್ತು ವರ್ಷ ಪಕ್ಕದಲ್ಲೇ ಇದ್ದು ಹೆಸರೂ ಗೊತ್ತಿಲ್ಲದವರು ಇಲ್ಲಿ ಗುದ್ದಲಿ ಹಿಡಿದುಕೊಂಡು ಪರಿಚಯವಾದರು. ಆ ಉಬ್ಬಸದ ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತು, ಅವರ ಊರಿನ ತಿಪ್ಪೆ ಹೇಗಿತ್ತು, ಗಂಜಲ ಎಷ್ಟು ಹಾಕಬೇಕು ಅಂತ ಹೇಳುತ್ತಾರೆ. ಅವರು ಹೇಳಿದ್ದು ಒಂದೂ ತಪ್ಪಾಗಿಲ್ಲ ಇವತ್ತಿನವರೆಗೆ. ನನ್ನ ತವರು ಮಂಡ್ಯದ ಕಡೆ. ಅಲ್ಲೂ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಾಕುವುದು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಸಾಲಿನಲ್ಲೇ ಹೊದಿಸಿದರೆ ನೆಲದ ತೇವ ಎಷ್ಟು ಉಳಿಯುತ್ತಿತ್ತು.

ವಾಸನೆ ಬಂದರೆ ಗಾಬರಿ ಬೇಡ. ಮೂಗಿಗೆ ಖಾರ ಹೊಡೆದ ಹಾಗಿದ್ದರೆ ಸಗಣಿ ಅಥವಾ ಹಸಿ ಹುಲ್ಲು ಜಾಸ್ತಿ. ಕೊಚ್ಚೆ ವಾಸನೆ ಬಂದರೆ ನೀರು ಜಾಸ್ತಿ, ಗಾಳಿ ಇಲ್ಲ. ಎರಡಕ್ಕೂ ಮದ್ದು ಒಣ ಎಲೆ ಬೆರೆಸಿ ತಿರುವಿ ಹಾಕುವುದು. ಸುತ್ತ ಎರಡಡಿ ಹುಲ್ಲು ಸವರಿ ನೆಲ ಬರಿದಾಗಿಡಿ. ಮೊದಲ ವರ್ಷ ಯಾರೋ ಬೀಡಿ ಎಸೆದು ನಮ್ಮ ಒಂದು ಗೂಡಿನ ಮೇಲ್ಭಾಗ ಹೊತ್ತಿಕೊಂಡಿತ್ತು. ಒಳಗೆ ತೇವ ಇದ್ದದ್ದಕ್ಕೆ ಅಷ್ಟಕ್ಕೇ ನಿಂತಿತು. ಅವತ್ತಿನಿಂದ ಮೇಲ್ಪದರ ಯಾವಾಗಲೂ ಒದ್ದೆ ಇರಬೇಕು ಅನ್ನುವುದು ನಮ್ಮ ಬೀದಿಯ ಕಟ್ಟುನಿಟ್ಟು.

ಏಪ್ರಿಲ್ ಕೊನೆಗೆ ಭರಣಿ ಮಳೆ ಬಿದ್ದರೆ ನೀರು ಹಾಕುವ ಕೆಲಸ ತಪ್ಪಿತು. ಮುಂಗಾರು ಜೋರಾದರೆ ಮಾತ್ರ ಮೇಲೆ ಒಂದು ಶೀಟು ಮುಚ್ಚಿ, ಇಲ್ಲದಿದ್ದರೆ ಸತ್ವವೆಲ್ಲ ಕೊಚ್ಚಿಹೋಗುತ್ತದೆ. ಫೆಬ್ರವರಿಯಲ್ಲಿ ತುಂಬಿದ್ದು ಆಷಾಢಕ್ಕೆ ತಯಾರು. ಆ ಹೊತ್ತಿಗೆ ಕುಗ್ಗಿ ಕುಗ್ಗಿ ತಳ ಸೇರಿರುತ್ತದೆ. ಕಪ್ಪಗಿರಬೇಕು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಎಲೆ ಅಂತ ಗುರುತು ಸಿಗಬಾರದು. ಕಾಲಿಂಚು ಕಣ್ಣಿನ ಜಲ್ಲಡಿಯಲ್ಲಿ ಜರಡಿ ಹಿಡಿಯಿರಿ. ಕರಗದ ನಾರು, ಕಡ್ಡಿ ಮತ್ತೆ ಗೂಡಿಗೇ.

ನಮಗೆ ಮೊದಲ ವರ್ಷ ಬಂದದ್ದು ಅಕ್ಕಿ ಮೂಟೆಯಷ್ಟು ದೊಡ್ಡ ಚೀಲದಲ್ಲಿ ಐದು. ಅರ್ಜಿಯಲ್ಲಿ ಬರೆದ ಹಾಗೆ ಅರ್ಧ ಪಾರ್ಕಿಗೆ ಹಾಕಿದೆವು, ತೋಟಗಾರಿಕೆಯವರನ್ನು ಕರೆದು ಅವರ ಎದುರೇ. ಆಮೇಲೆ ಪಕ್ಕದ ಬೀದಿಯವರ ಅರ್ಜಿಗೆ ವಾರದಲ್ಲೇ ಒಪ್ಪಿಗೆ ಸಿಕ್ಕಿತು. ಉಳಿದದ್ದರಲ್ಲಿ ಮೊದಲ ಪಾಲು ನಮ್ಮ ಬೀದಿಯ ಪೌರಕಾರ್ಮಿಕರಿಗೆ. ಅವರು ಮನೆ ಮುಂದೆ ಡಬ್ಬಗಳಲ್ಲಿ ದುಂಡು ಮಲ್ಲಿಗೆ ಬೆಳೆಸಿದ್ದಾರೆ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಅವತ್ತು ಬೀದಿಯವರೆಲ್ಲ ಸೇರಿ ಪಾರ್ಕಿನಲ್ಲೇ ಅವರ ಜೊತೆ ತಿಂಡಿ ತಿನ್ನುತ್ತೇವೆ. ಗೂಡು ಇನ್ನೂ ಎಲ್ಲಿ ಬೇಕು, ತಳ್ಳುಗಾಡಿಗೆ ಏನು ರಿಪೇರಿ ಬೇಕು, ಯಾವ ಮನೆಯವರು ಇನ್ನೂ ಕಸ ಬೆರೆಸಿ ಕೊಡುತ್ತಾರೆ ಅಂತ ಅವರು ಬಾಯಿಬಿಟ್ಟು ಹೇಳುವುದು ಅವತ್ತೇ.

ಗೊಬ್ಬರವನ್ನೆಲ್ಲ ಹಂಚಿ ಖಾಲಿ ಮಾಡಬೇಡಿ. ಒಂದು ಬಕೆಟ್‌ನಷ್ಟು ಗೋಣಿಚೀಲದಲ್ಲಿ ಕಟ್ಟಿ ನೆರಳಿನಲ್ಲಿಡಿ, ಆಗಾಗ ಒಂದು ಚೆಂಬು ನೀರು ಚಿಮುಕಿಸಿ. ಮುಂದಿನ ಸಂಕ್ರಾಂತಿಗೆ ಹೊಸ ಎಲೆಯ ಪದರಗಳ ನಡುವೆ ಹಿಡಿ ಹಿಡಿಯಾಗಿ ಎರಚಿದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಆ ಸಲದ ಗೂಡು ಎರಡೇ ದಿನಕ್ಕೆ ಬಿಸಿಯಾಗುತ್ತದೆ.