ಹ್ಯೂಮಿಡಿಫೈಯರ್‌ಗೆ ಯಾವ ನೀರು? ಅರಸೀಕೆರೆಯ ನಮ್ಮ ಮನೆಯ ಅನುಭವ

ಶಿವರಾತ್ರಿ ಹತ್ತಿರ ಬಂತು ಅಂದ್ರೆ ನಮ್ಮ ಅರಸೀಕೆರೆ ಕಡೆ ಗಾಳಿ ಒಣಗಿಹೋಗುತ್ತದೆ. ಆ ವರ್ಷ ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಮೂಗಲ್ಲಿ ರಕ್ತ ಬರುತ್ತಿತ್ತು. ಡಾಕ್ಟರ್ ನೋಡಿ, ಮೂಗಿನ ಒಳಗೆ ಒಣಗಿ ಬಿರಿಯುತ್ತಿದೆ, ಮಲಗುವ ಕೋಣೆಯಲ್ಲಿ ಸ್ವಲ್ಪ ತೇವ ಇರಲಿ ಅಂದರು. ಗಾಳಿಗೆ ತೇವ ಬಿಡುವ ಮೆಷಿನ್, 3 ಲೀಟರ್ ಹಿಡಿಯುವ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ತಂದೆವು. ನೀರಿನ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ. ನಲ್ಲಿಯಲ್ಲಿ ಬರುವ ಬೋರ್ ನೀರನ್ನೇ ತುಂಬಿದೆ.

ನಾಲ್ಕನೇ ದಿನ ಅತ್ತೆ ಕರೆದರು. "ಬಾರಮ್ಮ ಇಲ್ಲಿ, ದೇವರ ಫೋಟೋ ಮೇಲೆಲ್ಲ ವಿಭೂತಿ ಉದುರಿದಂಗೈತೆ." ಬೆರಳಲ್ಲಿ ಒರೆಸಿದೆ. ಗಾಜಿನ ಮೇಲೆ ಗೆರೆ ಮೂಡಿತು, ಬೆರಳ ತುದಿ ಬೆಳ್ಳಗಾಯಿತು. ಟಿವಿ ಮೇಲೂ ಅದೇ ಪುಡಿ, ಮಗಳ ಮಂಚದ ತಲೆಯ ಹಲಗೆ ಮೇಲೂ ಅದೇ.

ಈ ಮೆಷಿನ್ ನೀರನ್ನು ಕಾಯಿಸಿ ಆವಿ ಮಾಡುವುದಿಲ್ಲ. ಒಳಗಿನ ಪುಟ್ಟ ಬಿಲ್ಲೆ ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಅದುರಿ ನೀರನ್ನು ಮಂಜಿನಂತೆ ಒಡೆಯುತ್ತದೆ. ಹನಿಯ ಜೊತೆ ಅದರಲ್ಲಿರುವ ಸುಣ್ಣ, ಉಪ್ಪು ಎಲ್ಲ ಹಾರುತ್ತದೆ. ನೀರು ಆರುತ್ತದೆ, ಪುಡಿ ಉಳಿಯುತ್ತದೆ. ನೀರಲ್ಲಿ ಕರಗಿರುವ ಉಪ್ಪು, ಸುಣ್ಣ ಅಳೆಯುವ ಟಿಡಿಎಸ್ ಮೀಟರ್ ತರಿಸಿ ಬೋರ್ ನೀರಿಗೆ ಅದ್ದಿದೆ: 820. ಅಂದರೆ ಲೀಟರಿಗೆ 820 ಮಿಲಿಗ್ರಾಂ. ರಾತ್ರಿಗೆ 3 ಲೀಟರ್ ಖರ್ಚಾದರೆ ಹೆಚ್ಚುಕಮ್ಮಿ ಎರಡೂವರೆ ಗ್ರಾಂ, ಅರ್ಧ ಟೀ ಚಮಚದ ಹತ್ತಿರ. ಅಷ್ಟು ಪುಡಿ ಹಾರುವ ಮುಚ್ಚಿದ ಕೋಣೆಯಲ್ಲಿ ಮಗು ಉಸಿರಾಡುತ್ತಿತ್ತು ಅಂತ ಲೆಕ್ಕ ಹಾಕಿದಾಗ ಹೊಟ್ಟೆ ಕಿವುಚಿದಂತಾಯಿತು.

ಅತ್ತೆ ಕುದಿಸಿ ಹಾಕು ಅಂದರು. ಕುದಿಸಿ ಆರಿಸಿ ಅಳೆದೆ. ಪಾತ್ರೆಯ ತಳದಲ್ಲಿ ಸ್ವಲ್ಪ ಸುಣ್ಣ ಕೂತಿತ್ತು, ಮೀಟರ್ ಇನ್ನೂ 700 ತೋರಿಸಿತು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ಬ್ಯಾಟರಿ ಅಂಗಡಿಯ ನೀರಲ್ಲಿ ಉಪ್ಪು ಇರುವುದಿಲ್ಲ ನಿಜ, ಆದರೆ ಅದು ಬ್ಯಾಟರಿಗೆ ಅಂತ ತುಂಬಿದ್ದು. ಕುಡಿಯುವ ನೀರಿನಷ್ಟು ಚೊಕ್ಕಟ ನೋಡಿ ತುಂಬಿರುತ್ತಾರೆ ಅಂತ ನನಗೆ ಧೈರ್ಯ ಬರಲಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರಂತೂ ಬೇಡವೇ ಬೇಡ, ಕಾಯಿಲ್ ಮೇಲಿನ ಧೂಳು, ಬೂಷ್ಟು ಎಲ್ಲ ಅದರಲ್ಲಿ ಸೇರಿರುತ್ತದೆ. ಡಿಸ್ಟಿಲ್ಡ್ ವಾಟರ್, ಅಂದರೆ ಆವಿ ಮಾಡಿ ತಣಿಸಿ ಹಿಡಿದ ನೀರು, ಎಲ್ಲಕ್ಕಿಂತ ಒಳ್ಳೆಯದು, ಆದರೆ ತಿಂಗಳಿಗೆ 90 ಲೀಟರ್ ಕೊಂಡು ತರಲು ನಮ್ಮಿಂದಾಗದು.

ಉಳಿದದ್ದು ಮನೆಯ ಆರ್‌ಒ ಫಿಲ್ಟರ್. ಅದರ ನಲ್ಲಿ ನೀರು ಮೀಟರಲ್ಲಿ 90 ಇತ್ತು. ರುಚಿಗೆ ಅಂತ ಅದರಲ್ಲಿ ಸ್ವಲ್ಪ ಬೋರ್ ನೀರು ಬೆರೆಯುತ್ತದೆ ಅಂತ ಸರ್ವಿಸ್ ಹುಡುಗ ತೋರಿಸಿದ. ಉಪ್ಪು ತಡೆಯುವ ಒಳಗಿನ ಪೊರೆ, ಮೆಂಬ್ರೇನ್‌ನಿಂದ ನೇರ ಬರುವ ನೀರಿಗೆ ಒಂದು ಚಿಕ್ಕ ನಲ್ಲಿ ಹಾಕಿಸಿಕೊಂಡೆ. ಅಲ್ಲಿ 45. ಬಿಳಿ ಪುಡಿ ಕಣ್ಣಿಗೆ ಕಾಣದಷ್ಟು ಕಡಿಮೆಯಾಯಿತು.

ಇಷ್ಟಕ್ಕೇ ಎಲ್ಲ ಮುಗಿಯಿತು ಅಂದುಕೊಂಡು ನಾನು ತಪ್ಪು ಮಾಡಿದೆ. ದಿನಾ ಹಿಡಿಯುವ ಗೋಜು ಬೇಡ ಅಂತ 20 ಲೀಟರ್ ಕ್ಯಾನ್ ತುಂಬಿ ಬಿಸಿಲು ಬೀಳುವ ವೆರಾಂಡದಲ್ಲಿಟ್ಟೆ. ಮೂರನೇ ವಾರ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಒಳಗೆ ಕೈ ಹಾಕಿ ಗೋಡೆ ಸವರಿದೆ. ನೆನೆಸಿದ ಬೆಂಡೆಕಾಯಿ ಥರ ಲೋಳೆ. ಮೀಟರ್ ಮಾತ್ರ 46 ಅಂತಲೇ ಹೇಳುತ್ತಿತ್ತು! ಮೀಟರ್ ಅಳೆಯುವುದು ಉಪ್ಪನ್ನು, ಕ್ರಿಮಿಯನ್ನಲ್ಲ. ಆರ್‌ಒ ನೀರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹಾಗಾಗಿ ಕ್ರಿಮಿ ಸೇರಿದರೆ ತಡೆಯುವುದು ಏನೂ ಇಲ್ಲ. ಆ ಕ್ರಿಮಿಯನ್ನೂ ಈ ಮೆಷಿನ್ ಹಾಗೇ ಮಂಜಲ್ಲಿ ಹಾರಿಸುತ್ತದೆ. ಇಷ್ಟೆಲ್ಲ ಬರೆಯುತ್ತಿರುವುದು ಇದೊಂದನ್ನು ಹೇಳೋಕೇ.

ಈಗ ನೀರು ಕೂಡಿಡುವುದು ಎರಡೇ ದಿನದ್ದು. ಆರ್‌ಒ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ, ಬಿಸಿನೀರಲ್ಲಿ ತೊಳೆದ ಗಾಜಿನ ಬಾಟಲಿಗಳಿಗೆ ತುಂಬುತ್ತೇನೆ. ಒಂದೊಂದು ಲೀಟರಿನ ಬಾಟಲಿ, ಮೇಲೆ ತಾರೀಖು, ಕತ್ತಲಿರುವ ಬೀರು. ತಾಮ್ರದ ಬಿಂದಿಗೆ ಇದಕ್ಕೆ ಬೇಡ, ಲೋಹ ನೀರಿಗೆ ಬಿಡುತ್ತದೆ. ಬೆಳಿಗ್ಗೆ ಟ್ಯಾಂಕಲ್ಲಿ ಉಳಿದ ನೀರನ್ನು ಗಿಡಕ್ಕೆ ಚೆಲ್ಲಿ, ಟ್ಯಾಂಕ್ ಒರೆಸಿ, ಬೋರಲು ಹಾಕುತ್ತೇನೆ. ಹಳೆ ನೀರಿನ ಮೇಲೆ ಹೊಸದು ಸುರಿಯುವುದಿಲ್ಲ. ವಾರಕ್ಕೆರಡು ಸಲ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ಬಿಟ್ಟು, ಬಿಲ್ಲೆಯನ್ನು ಮೆತ್ತಗಿನ ಬ್ರಷ್‌ನಿಂದ ಉಜ್ಜಿ, ವಾಸನೆ ಹೋಗುವವರೆಗೆ ತೊಳೆಯುತ್ತೇನೆ. ತೇವ ಅಳೆಯುವ ಮೀಟರ್ 50 ಶೇಕಡಾ ತೋರಿಸಿದರೆ ಮೆಷಿನ್ ಆಫ್. ಜಾಸ್ತಿಯಾದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಮೊನ್ನೆ ಚಿಕ್ಕ ನಲ್ಲಿಯ ನೀರು ಅಳೆದೆ. 45 ಇದ್ದದ್ದು 70 ಆಗಿದೆ. ಮೆಂಬ್ರೇನ್ ಸವೆದಿರಬೇಕು, ಸರ್ವಿಸ್ ಹುಡುಗನಿಗೆ ಫೋನ್ ಮಾಡಿದ್ದೇನೆ.